ಅತ್ತೆಯ ತೂಕದ ಚಾರ್ಟು

ಮನುಷ್ಯನ ವೃತ್ತಿ ಮೂರು ವರ್ಷ ತುಂಬುವಷ್ಟರಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ, ಆಮೇಲೆ ಓದುವುದೆಲ್ಲ ಅದನ್ನು ಮರೆಯುವುದಕ್ಕೆ! ಇದು ನನ್ನ ಮಾತಲ್ಲ, ನಮ್ಮ ಅತ್ತೆಯ ಸಿದ್ಧಾಂತ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಕವಲಂದೆಯಲ್ಲಿ ಮೂವತ್ತೈದು ವರ್ಷಕ್ಕೂ ಮೇಲೆ ಅಂಗನವಾಡಿ ಟೀಚರಾಗಿದ್ದವರು. ಆ ಊರಿನಲ್ಲಿ ಈಗ ಮೀಸೆ ತಿರುವುವವರು, ಬುಲೆಟ್ ಓಡಿಸುವವರು, ಪಂಚಾಯ್ತಿ ಮೆಂಬರಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುವವರು, ಎಲ್ಲರ ಮೂಗನ್ನೂ ಒಂದಲ್ಲ ಒಂದು ದಿನ ತಮ್ಮ ಸೆರಗಿನಲ್ಲಿ ಒರೆಸಿದವರು. ಇಂಥವರ ಮುಂದೆ ಯಾರು ತಾನೇ ತಲೆ ಎತ್ತಿ ಮಾತಾಡಿಯಾರು?

ನನ್ನ ಗ್ರಹಚಾರಕ್ಕೆ ನನ್ನ ಹೊಟ್ಟೆಪಾಡೂ ಅದೇ. ನಾನು ವೃತ್ತಿ ಮಾರ್ಗದರ್ಶಕಿ. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕದ ಒಂದು ಕೋಣೆ ನಮ್ಮ ಸಂಸ್ಥೆಯ ಕಚೇರಿ. ಗಿರಣಿಯಿಂದ ಹಾರಿ ಬಂದ ರಾಗಿಹಿಟ್ಟು ಸಂಜೆಯ ಹೊತ್ತಿಗೆ ನನ್ನ ಹುಬ್ಬಿನ ಮೇಲೆ ಕೂತಿರುತ್ತದೆ. ಹತ್ತನೇ ಕ್ಲಾಸು, ಪಿಯುಸಿ ಮುಗಿಸಿದ ಮಕ್ಕಳು ಬರುತ್ತಾರೆ. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತೇನೆ. ಅದು ನೂರು ಪ್ರಶ್ನೆ ಕೇಳುತ್ತದೆ. "ನಿಮಗೆ ಗುಂಪಿನಲ್ಲಿ ಕೆಲಸ ಮಾಡುವುದು ಇಷ್ಟವೋ, ಒಂಟಿಯಾಗಿಯೋ?" ಹುಡುಗ ಪರದೆಯನ್ನು ನೋಡುತ್ತಾನೆ, ಆಮೇಲೆ ನನ್ನನ್ನು ನೋಡುತ್ತಾನೆ. "ಯಾವ್ದ್ ಒತ್ಲಿ ಮೇಡಂ?" ಎನ್ನುತ್ತಾನೆ. ನಿನಗೆ ಯಾವುದು ಇಷ್ಟವೋ ಅದು ಎಂದರೆ, "ಪಾಸಾಗೋದು ಯಾವ್ದು ಅದೇಳಿ ಮೇಡಂ" ಎನ್ನುತ್ತಾನೆ.

ಈ ಕೆಲಸದ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಗೋಡೆ ಕಟ್ಟಿದವನಿಗೆ ಸಂಜೆಗೆ ಗೋಡೆ ಕಾಣುತ್ತದೆ. ಸೌತೆಬೀಜ ಹಾಕಿದವನಿಗೆ ಎರಡು ತಿಂಗಳಲ್ಲಿ ಕಾಯಿ ಕಾಣುತ್ತದೆ. ನಾನು ಹೇಳಿದ ಬುದ್ಧಿ ಏನಾಯಿತು ಎಂದು ತಿಳಿಯಬೇಕಾದರೆ ಐದಾರು ವರ್ಷ ಕಾಯಬೇಕು; ಅಷ್ಟರಲ್ಲಿ ಆ ಹುಡುಗ ನನ್ನನ್ನೂ ಮರೆತಿರುತ್ತಾನೆ, ನನ್ನ ಬುದ್ಧಿಯನ್ನೂ ಮರೆತಿರುತ್ತಾನೆ. ಅಪರೂಪಕ್ಕೊಮ್ಮೆ ಹೊರಟ ಬಸ್ಸಿನ ಕಿಟಕಿಯಿಂದ ಯಾರೋ ಕೈಬೀಸಿ "ಮೇಡಂ, ಕೆಲ್ಸ ಆಯ್ತು" ಎಂದು ಕೂಗುತ್ತಾರೆ. ಯಾರು, ಯಾವ ಕೆಲಸ ಎಂದು ಕೇಳುವಷ್ಟರಲ್ಲಿ ಬಸ್ಸು ಸ್ಟ್ಯಾಂಡಿನಿಂದಲೇ ಮಾಯ. ಆದರೂ ಎರಡು ದಿನಕ್ಕಾಗುವಷ್ಟು ಸಂತೋಷ ನನಗೆ ಸಿಕ್ಕಿರುತ್ತದೆ!

ಹೀಗಿರುವಾಗ ಅತ್ತೆ ನಿವೃತ್ತರಾಗಿ ನಮ್ಮ ಮನೆಗೆ ಬಂದರು. ಬಂದ ವಾರಕ್ಕೇ ಮಧ್ಯಾಹ್ನದ ಊಟದ ಕ್ಯಾರಿಯರ್ ಹಿಡಿದು ಕಚೇರಿಗೂ ಬಂದರು. ನನ್ನ ಮೇಜಿನ ಎದುರಿಗೆ, ಬಂದವರಿಗೆಂದು ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅತ್ತೆ ಅದರಲ್ಲೊಂದನ್ನು ಎಳೆದು ತಂದು ನನ್ನ ಪಕ್ಕಕ್ಕೆ ಹಾಕಿಕೊಂಡು ಕೂತರು.

"ಇಲ್ಲ್ಯಾಕೆ ಅತ್ತೆ? ಆ ಕಡೆ ಆರಾಮಾಗಿ ಕೂತ್ಕೊಳ್ಳಿ."

"ಇಲ್ಲೇ ಸರ್ಯಾಗದೆ ಕಣಮ್ಮಿ. ನೀನ್ ಉಣ್ಣು."

ನಾನು ಉಂಡೆ. ಅತ್ತೆ ಏಳಲಿಲ್ಲ. ಅವತ್ತಷ್ಟೇ ಅಲ್ಲ, ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ ಬಂದರು. ಭಾನುವಾರ ಬಿಟ್ಟರೆ ಒಂದು ದಿನವೂ ತಪ್ಪಲಿಲ್ಲ. ನನ್ನ ಕಚೇರಿಗೆ ಬಂದವರಿಗೆ ಒಂದೇ ಕುರ್ಚಿ ಉಳಿಯಿತು. ನಾನು ಸಿಡುಕಿದೆ, ಗೊಣಗಿದೆ, ಕ್ಯಾರಿಯರ್ ನಾನೇ ತರುತ್ತೇನೆ ಎಂದೆ. ಅತ್ತೆಗೆ ಬೇಡದ ಮಾತು ಕೇಳಿಸುವುದೇ ಇಲ್ಲ.

ಅವರು ಕೂತ ಮೊದಲ ದಿನವೇ ಒಬ್ಬ ಹುಡುಗ ಬಂದ. ಆರಡಿ ಎತ್ತರ, ಜಿಮ್ಮಿಗೆ ಹೋಗಿ ಬೆಳೆಸಿದ ತೋಳು. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಬೇಕೆಂದ. ಕಂಪ್ಯೂಟರೂ ಹೂಂ ಎಂದಿತು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಯಾರ್ ಮಗನಪ್ಪ ನೀನು?"

ಕವಲಂದೆಯಲ್ಲಿ ಇಂಥವರ ಮಗ ಎಂದು ಹೇಳಿದ.

"ಓ, ನೀನಾ. ಇಲಿ ಕಂಡ್ರೆ ನನ್ ಸೀರೆ ನೆರಿಗೇಲಿ ಬಚ್ಚಿಟ್ಕತಿದ್ದೋನು."

"ಅದು ಚಿಕ್ಕೋನಿದ್ದಾಗ ಟೀಚರಮ್ಮ."

"ಈಗ ಕಂಡ್ರೆ?"

ಹುಡುಗ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತ.

"ಓಗ್ಲಿ ಬುಡು. ಆದ್ರೆ ನೀನೊಂದ್ ಕೆಲ್ಸ ಬೋ ಚೆಂದಾಗ್ ಮಾಡ್ತಿದ್ದೆ. ಎಲ್ಲಾ ಮಕ್ಳ ಚಪ್ಲೀನೂ ಜೊತೆಜೊತೆ ಜೋಡಿಸಿ ಇಡ್ತಿದ್ದೆ. ಒಂದಿನಾನೂ ಒಂದ್ ಜೊತೆ ಅದ್ಲುಬದ್ಲಾಗ್ನಿಲ್ಲ."

ಆ ಹುಡುಗ ಈಗ ಕೈಗಾರಿಕಾ ಪ್ರದೇಶದ ದೊಡ್ಡ ಗೋಡೌನೊಂದರಲ್ಲಿ ಸ್ಟೋರ್ ಕೀಪರ್. ಯಾವ ಪೆಟ್ಟಿಗೆ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾನೆ, ಪರಮಸುಖಿ. ಗೋಡೌನಿನಲ್ಲಿ ಇಲಿಗಳಿವೆಯಂತೆ. ಅದನ್ನು ಮಾತ್ರ ಟೀಚರಮ್ಮನಿಗೆ ಹೇಳಬೇಡಿ ಎಂದು ನನ್ನ ಹತ್ತಿರ ಮಾತು ತೆಗೆದುಕೊಂಡಿದ್ದಾನೆ.

ಇನ್ನೊಂದು ದಿನ ಒಬ್ಬರು ಮಗನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಇದ್ದ ಒಂದು ಕುರ್ಚಿಯಲ್ಲಿ ಅಪ್ಪ ಕೂತರು, ಮಗ ನಿಂತ. "ಇಂಜಿನಿಯರಿಂಗ್ ಮಾಡು ಅಂದ್ರೆ ಕಾಮರ್ಸ್ ಅಂತಾವ್ನೆ ಮೇಡಂ. ನಾಕ್ ಬಿಟ್ಟೆ, ಆದ್ರೂ ಬಗ್ತಾ ಇಲ್ಲ. ನೀವ್ ವಸಿ ಬುದ್ಧಿ ಹೇಳಿ," ಎಂದರು. ನಾನು ಗಂಟಲು ಸರಿ ಮಾಡಿಕೊಂಡು ಮಕ್ಕಳ ಒಲವು, ಪೋಷಕರ ಪಾತ್ರ ಎಂದೆಲ್ಲ ಭಾಷಣ ಶುರುಮಾಡಿದೆ. ಅತ್ತೆ ಮಗನ ಕಡೆ ನೋಡಲೇ ಇಲ್ಲ. ಅಪ್ಪನನ್ನೇ ದಿಟ್ಟಿಸುತ್ತಿದ್ದರು.

"ನೀನು ಬಾವಿ ಬೀದಿಯೋನಲ್ವಾ?"

ಆ ಮನುಷ್ಯ ಆಗಲೇ ಗುರುತು ಹಿಡಿದು ಎದ್ದು ನಿಂತರು. "ಊಂ, ಟೀಚರಮ್ಮ."

"ಬರೀಲಿ ಅಂತ ಬಳಪ ಕೊಟ್ರೆ ತಿಂದ್ಬುಡ್ತಿದ್ದೆ. ವರ್ಸೆಲ್ಲಾ ತಿಂದೆ. ನಾನೇನಾರ ಒಡುದ್ನಾ?"

"ಇಲ್ಲ ಟೀಚರಮ್ಮ."

"ಮತ್ತೆ ಆ ಕೂಸ್ಗ್ಯಾಕೆ ಒಡೀತಿಯೆ?"

ಮಗ ಅಪ್ಪನ ಕಡೆ ತಿರುಗಿ, "ಬಳಪ ತಿಂತಿದ್ಯೇನಪ್ಪಾ?" ಎಂದು ಬಹಳ ಗೌರವದಿಂದ ಕೇಳಿದ. ಅಲ್ಲಿಗೆ ಇಂಜಿನಿಯರಿಂಗ್ ಮುಗಿಯಿತು. ಹುಡುಗ ಕಾಮರ್ಸ್ ಸೇರಿದ. ಅಪ್ಪ ಈಗಲೂ ಪೇಟೆಯಲ್ಲಿ ಅತ್ತೆಯನ್ನು ಕಂಡರೆ ಮೊದಲು ಬಾಯಿ ಒರೆಸಿಕೊಂಡು ಆಮೇಲೆ ನಮಸ್ಕಾರ ಮಾಡುತ್ತಾರೆ.

ನನ್ನ ಮಾಸಿಕ ವರದಿಯಲ್ಲಿ "ಬಳಸಿದ ವಿಧಾನ" ಎಂಬ ಕಾಲಂ ಇದೆ. ಅಲ್ಲಿ ನಾನು "ದೀರ್ಘಕಾಲದ ಅವಲೋಕನ" ಎಂದು ಬರೆಯತೊಡಗಿದೆ. ಸುಳ್ಳೇನಲ್ಲವಲ್ಲ! ಮೇಲಿನವರು ಮೆಚ್ಚಿ ಪತ್ರ ಬರೆದರು.

ಹಾಗಾದರೆ ಕವಲಂದೆಯವರಲ್ಲದ ಮಕ್ಕಳ ಗತಿ ಏನು? ಅದೂ ಒಂದು ದಿನ ಗೊತ್ತಾಯಿತು. ತಿ. ನರಸೀಪುರದ ಕಾಲೇಜೊಂದರಲ್ಲಿ ಮಾರ್ಗದರ್ಶನ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಸಂಗಮದಲ್ಲಿ ಒಂದು ಮುಳುಗು ಹಾಕಿ ಬರುತ್ತೇನೆಂದು ಅತ್ತೆಯೂ ಬಸ್ಸು ಹತ್ತಿದರು. ಮುಳುಗೂ ಹಾಕಿದರು, ಒದ್ದೆ ಜಡೆಯಲ್ಲೇ ಬಂದು ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತೂಬಿಟ್ಟರು. ಪ್ರಿನ್ಸಿಪಾಲರು ಮೈಸೂರಿನಿಂದ ಬಂದ ಹಿರಿಯ ತಜ್ಞೆ ಇರಬೇಕೆಂದು ತಿಳಿದು ಅವರಿಗೂ ಹಾರ ಹಾಕಿಸಿದರು. ಅತ್ತೆ ಕತ್ತು ಬಾಗಿಸಿ ಹಾಕಿಸಿಕೊಂಡರು.

ಹುಡುಗರು ಸಾಲಾಗಿ ಬಂದರು. ಒಬ್ಬನ ಗುರುತೂ ಅತ್ತೆಗಿಲ್ಲ. ಇವತ್ತಾದರೂ ಮೇಡಂ ನಾನೊಬ್ಬಳೇ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅತ್ತೆ ಎದುರಿಗೆ ನಿಂತವನ ಊರು ಕೇಳಿಕೊಂಡು, ಸೊಂಟದಿಂದ ಫೋನು ತೆಗೆದು ಸ್ಪೀಕರಿಗೆ ಹಾಕಿದರು.

"ಅಕ್ಕಾ, ನಾನ್ ಕಣಕ್ಕ. ನಿಮ್ಮೂರ್ ಉಡ್ಗ ಒಬ್ಬ ಬಂದವ್ನೆ, ಎಡಗೈಯೋನು. ಎಂಗೆ?"

ಆ ಕಡೆಯಿಂದ ಮುಡುಕುತೊರೆಯ ನಿವೃತ್ತ ಅಂಗನವಾಡಿ ಟೀಚರ ದನಿ ಸಭಾಂಗಣವಿಡೀ ಮೊಳಗಿತು. "ಆ ಎಡಚನಾ? ಬಂಗಾರದಂತಾ ಮಗು ಕಣಮ್ಮ. ಅಳೋದ್ ಜಾಸ್ತಿ, ಅಷ್ಟೇಯ."

ಎರಡು ತಾಲೂಕಿನ ನಿವೃತ್ತ ಅಂಗನವಾಡಿ ಟೀಚರುಗಳೆಲ್ಲರ ನಂಬರು ಅತ್ತೆಯ ಫೋನಿನಲ್ಲಿದೆ ಎಂದು ನನಗೆ ತಿಳಿದದ್ದು ಅವತ್ತು. ಹದಿನಾರು ಎಂಬ ಊರಿನವರನ್ನು ಕೇಳಬೇಕೇ, ಅಲ್ಲೊಬ್ಬ ಅಕ್ಕ. ತಲಕಾಡಿನ ಕಡೆಯವರೇ, ಅಲ್ಲೊಬ್ಬ ತಂಗಿ. ಸಂಜೆ ಆ ಎಡಗೈ ಹುಡುಗನಂತೂ ಮಾನ ಹೋದ ಸಿಟ್ಟಿನಲ್ಲಿ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅತ್ತೆ ಅವನನ್ನು ನನಗೆ ತೋರಿಸಿ, "ಅಕ್ಕ ಯೋಳ್ನಿಲ್ವಾ?" ಎಂದರು.

ಇಷ್ಟೆಲ್ಲ ಕಂಡ ಮೇಲೆ ನನಗೂ ಆಸೆಯಾಗದೆ ಇರುತ್ತದೆಯೇ? ಎಷ್ಟೆಂದರೂ ನಾನೂ ಅದೇ ಅಂಗನವಾಡಿಯ ಕೂಸು. ಅಮ್ಮ ಮೈಸೂರಿನಲ್ಲಿ ನರ್ಸಿಂಗ್ ತರಬೇತಿಗೆ ಸೇರಿದಾಗ ಎರಡು ವರ್ಷ ನನ್ನನ್ನು ಅತ್ತೆಯ ಹತ್ತಿರ ಬಿಟ್ಟಿದ್ದರು. ಮೂರು ವರ್ಷದಲ್ಲಿ ನಾನೇನು ಮಾಡುತ್ತಿದ್ದೆ ಎಂದು ಅತ್ತೆಯನ್ನು ಎಷ್ಟು ಸಲ ಕೇಳಿದೆನೋ! "ನೀನಾ? ಉಣ್ತಿದ್ದೆ, ಮನೀಕತಿದ್ದೆ, ಅಷ್ಟೇಯ," ಎಂದು ಕ್ಯಾರಿಯರಿನ ಮುಚ್ಚಳ ಹಾಕಿಬಿಡುವರು. ಇಡೀ ಕವಲಂದೆಯ ಚಡ್ಡಿ ಚರಿತ್ರೆ ಬಾಯಿಪಾಠ ಇರುವ ಹೆಂಗಸಿಗೆ ಸ್ವಂತ ತಮ್ಮನ ಮಗಳ ಒಂದೇ ಒಂದು ಸಂಗತಿ ನೆನಪಿಲ್ಲವೇ? ನನ್ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲವೋ ಏನೋ ಎಂದು ಸುಮ್ಮನಾದೆ. ಆದರೆ ಆ ಮುಳ್ಳು ಒಳಗೇ ಇತ್ತು.

ಐದು ವರ್ಷಕ್ಕೆ ನನ್ನನ್ನು ಮೈಸೂರಿನ ಶಾಲೆಗೆ ಸೇರಿಸಿದರು. ಅಲ್ಲಿ ನನಗೆ ಸಿಕ್ಕಿದ ದೊಡ್ಡ ಆಸ್ತಿ ಹಕಾರ. ಕವಲಂದೆಯಿಂದ "ಅಕ್ಕಿ ಆರೋಯ್ತು" ಎನ್ನುತ್ತ ಹೋದ ನನ್ನನ್ನು ಟೀಚರು ಬೆಂಚಿನ ಮೇಲೆ ನಿಲ್ಲಿಸಿ, ಹಾರುವುದು ಹಕ್ಕಿ, ಬೇಯುವುದು ಅಕ್ಕಿ ಎಂದು ಸ್ಕೇಲಿನಲ್ಲಿ ಕಲಿಸಿದರು. ಕಲಿತೆ ನೋಡಿ, ಎಷ್ಟು ಚೆನ್ನಾಗಿ ಕಲಿತೆ ಎಂದರೆ ನನ್ನ ಊರಿನ ಕಿವಿಯೇ ಹೊರಟುಹೋಯಿತು. ಈ ಆಸ್ತಿಯೇ ಆಮೇಲೆ ನನಗೆ ಮುಳುವಾಯಿತು.

ಅವತ್ತು ಅತ್ತೆ ಕಣ್ಣಿನ ಪೊರೆ ತೋರಿಸಲು ಮೈಸೂರಿಗೆ ಹೋಗಿದ್ದರು. ಅವರ ಕುರ್ಚಿ ಖಾಲಿ. ಕವಲಂದೆಯ ಹುಡುಗಿಯೊಬ್ಬಳು ಬಂದಳು. ಸೆಕೆಂಡ್ ಪಿಯುಸಿ ಮುಗಿಸಿದ್ದಳು. ಸಣ್ಣ ದನಿ, ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಮಾತಾಡಿದಳು. ಅಪ್ಪ ಗಾರೆ ಕೆಲಸದ ಮೇಸ್ತ್ರಿಯಂತೆ. ಒಂದು ಸಲ ಏನಾದರೂ ಕೇಳಿಕೋ, ಸರಿ ಕಂಡರೆ ಓದಿಸುತ್ತೇನೆ, ಇಲ್ಲದಿದ್ದರೆ ಗಾರ್ಮೆಂಟ್ಸಿಗೆ ಹೋಗು ಎಂದು ಹೇಳಿದ್ದರಂತೆ. ಒಂದು ಸಲ. ಎರಡು ಸಲ ಇಲ್ಲ.

"ನಿನಗೆ ಏನು ಮಾಡಿದರೆ ಖುಷಿ?" ಎಂದು ಕೇಳಿದೆ.

"ಆಡೋದು ಮೇಡಂ," ಎಂದಳು. ಅದನ್ನು ಹೇಳುವಾಗ ಮುಖ ಅರಳಿತು. "ಬೆಳಿಗ್ಗಿಂದ ಸಾಯಂಕಾಲಗಂಟ ಬೇಕಾದ್ರೂ ಆಡ್ತೀನಿ."

ಎಷ್ಟು ದಿನವಾಗಿತ್ತು ಇಂಥ ಉತ್ತರ ಕೇಳಿ! ಎಲ್ಲರೂ ಗೊತ್ತಿಲ್ಲ ಮೇಡಂ ಎನ್ನುವವರೇ. ನಾನು ಹಿಗ್ಗಿನಿಂದ ಆಸಕ್ತಿ ಎಂಬ ಜಾಗದಲ್ಲಿ "ಆಟ" ಎಂದು ಟೈಪ್ ಮಾಡಿದೆ. ಕಂಪ್ಯೂಟರ್ ಒಂದು ಕ್ಷಣವೂ ಯೋಚಿಸದೆ ದೈಹಿಕ ಶಿಕ್ಷಣ ಎಂದಿತು. ಮುಂದಿನ ವಾರವೇ ತಿ. ನರಸೀಪುರದ ಮೈದಾನದಲ್ಲಿ ಆಯ್ಕೆ ಇತ್ತು. ಅಪ್ಪನಿಗೆ ಫೋನು ಮಾಡಿ ನಾನೇ ಒಪ್ಪಿಸಿದೆ. ಹುಡುಗಿ ಏನೋ ಕೇಳಲು ಬಾಯಿ ತೆರೆದಳು, "ಹೆದರಬೇಡ, ನೀನು ಗೆದ್ದೇ ಗೆಲ್ಲುತ್ತೀಯ" ಎಂದು ಬೆನ್ನು ತಟ್ಟಿ ಕಳಿಸಿದೆ.

ಎಂಟುನೂರು ಮೀಟರು ಓಡಿಸಿದರಂತೆ. ಉಳಿದವರೆಲ್ಲ ಓಡಿ ಮುಗಿಸಿ, ನೀರು ಕುಡಿದು, ಬೂಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡ ಮೇಲೂ ಇವಳು ಓಡುತ್ತಲೇ ಇದ್ದಳಂತೆ. ಟೈಮು ನೋಡುವವರು ಸ್ಟಾಪ್‌ವಾಚನ್ನು ಜೇಬಿಗಿಟ್ಟುಕೊಂಡು ಬೈಕು ಹತ್ತಿದ್ದರಂತೆ. ಕೊನೆಗೆ ಬಿದ್ದು ಮಂಡಿ ತರಚಿಕೊಂಡು ಎದ್ದು ಪೂರ್ತಿ ಮಾಡಿ ಬಂದಳಂತೆ.

ಮರುದಿನ ಅದೇ ಮಂಡಿಯಲ್ಲಿ ನನ್ನ ಕಚೇರಿಗೆ ಬಂದಳು. ಅತ್ತೆ ತಮ್ಮ ಕುರ್ಚಿಯಲ್ಲಿದ್ದರು. ನೋಡಿದ ತಕ್ಷಣ ಗುರುತು ಹಿಡಿದು, ಕತೆ ಕೇಳಿ, ನನ್ನ ಕಡೆ ತಿರುಗಿದರು.

"ಯಾಕಮ್ಮಿ ಇದ್ನ ಓಡಿಸ್ದೆ? ಇದು ಆಡೋ ಕೂಸಲ್ವಾ?"

"ಆಡೋ ಹುಡುಗಿ ಅಂತಲೇ ಅಲ್ವಾ ಅತ್ತೆ ಆಟಕ್ಕೆ ಕಳಿಸಿದ್ದು!"

"ಆಟಕ್ಕಲ್ಲ, ಆಡಕ್ಕೆ."

"ಎರಡೂ ಒಂದೇ ಅಲ್ವಾ?"

"ಎರಡೂ ಒಂದು ಎಂಗಾದದು? ಆಟ ಕಾಲ್ನಲ್ಲಿ, ಆಡು ಗಂಟ್ಲಲ್ಲಿ."

ನನಗೆ ಆಗಲೂ ಹೊಳೆಯಲಿಲ್ಲ. ಅತ್ತೆ ಹಣೆ ಚಚ್ಚಿಕೊಂಡು, "ವಸಿ ಆಡವ್ವ, ಇವ್ಳ್ಗೆ ಕೇಳುಸ್ಲಿ" ಎಂದರು. ಹುಡುಗಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ಹಾಡಿದಳು.

ಏನು ಹಾಡಿದಳು ಎಂದು ಕೇಳಬೇಡಿ. ರಾಗಿ ಬೀಸುವಾಗ ಅವಳಜ್ಜಿ ಹೇಳುತ್ತಿದ್ದ ಪದವಂತೆ. ಪಕ್ಕದ ಗಿರಣಿಯವನು ಮೋಟರು ನಿಲ್ಲಿಸಿದ. ಹಿಟ್ಟು ಮೆತ್ತಿದ ಮುಖಗಳು ಒಂದೊಂದಾಗಿ ನನ್ನ ಬಾಗಿಲಲ್ಲಿ ಕಾಣಿಸಿಕೊಂಡವು. ನನಗೆ ಮೈಯೆಲ್ಲ ಜುಮ್ಮೆಂದಿತು, ಜೊತೆಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಹಾಡು! ಒಂದು ಹಕಾರಕ್ಕಾಗಿ ಈ ಹುಡುಗಿಯನ್ನು ಎಂಟುನೂರು ಮೀಟರು ಓಡಿಸಿದ್ದೆ!

"ಗೊತ್ತಿದ್ದೂ ಯಾಕಮ್ಮಾ ಓಡಿದೆ? ಹೇಳಬಾರದಿತ್ತೇ?" ಎಂದೆ.

"ಮೊದ್ಲು ಓಡುದ್ರೆ ಆಮೇಲೆ ಆಡಕ್ಕೆ ಬುಡ್ತಾರೇನೋ ಅಂದ್ಕಂಡೆ ಮೇಡಂ," ಎಂದಳು.

ಅತ್ತೆ ನಗಲಿಲ್ಲ. ನಾನೂ ನಗಲಿಲ್ಲ. ಅವಳಿಗಿದ್ದ ಒಂದು ಸ‌ಲವನ್ನು ನಾನು ಹಾಳು ಮಾಡಿದ್ದೆ. ಅಪ್ಪ ಆಗಲೇ ಗಾರ್ಮೆಂಟ್ಸಿಗೆ ಹೇಳಿಯಾಗಿತ್ತು. ಸೋಮವಾರ ಬೆಳಿಗ್ಗೆ ವ್ಯಾನು ಬರುತ್ತದೆ. ಮೈಸೂರಿನ ಕಾಲೇಜೊಂದರಲ್ಲಿ ಸಂಗೀತದ ಪದವಿ ಇತ್ತು, ಹಾಸ್ಟೆಲೂ ಇತ್ತು. ಅದಕ್ಕೆ ಅರ್ಜಿ ಹಾಕಲು ಕೊನೆಯ ದಿನವೂ ಅದೇ ಸೋಮವಾರ. ಅವತ್ತು ಶನಿವಾರ. ಆ ರಾತ್ರಿ ನಾನು ರಾಜೀನಾಮೆ ಪತ್ರವನ್ನು ಟೈಪ್ ಮಾಡಿಟ್ಟೆ. ಮೈಸೂರಿನಲ್ಲಿ ವಿಮೆ ಕಚೇರಿಯ ಕೆಲಸವೊಂದು ಬಾ ಎನ್ನುತ್ತಿತ್ತು. ಕಾಗದಗಳಿಗೆ ತಪ್ಪು ದಾರಿ ತೋರಿಸಿದರೆ ಅವುಗಳ ಮಂಡಿಯೇನೂ ತರಚುವುದಿಲ್ಲವಲ್ಲ.

ಭಾನುವಾರ ಅತ್ತೆ ಕೈಚೀಲ ಹಿಡಿದು ನಿಂತಿದ್ದರು. "ನಡಿ, ಕವಲಂದೆಗೆ ಓಗಣ."

ಮೇಸ್ತ್ರಿ ಜಗಲಿಯ ಮೇಲೆ ಕರಣೆಯ ಸಿಮೆಂಟು ಕೆರೆಯುತ್ತ ಕೂತಿದ್ದ. ಮುಡುಕುತೊರೆಯಿಂದ ಈ ಊರಿಗೆ ಅಳಿಯನಾಗಿ ಬಂದು ನಿಂತವನು, ಆದ್ದರಿಂದ ಅತ್ತೆಯ ಅಂಗನವಾಡಿಯ ಋಣ ಇಲ್ಲದವನು. ನಾನು ನನ್ನ ತಪ್ಪನ್ನು ಒಪ್ಪಿಕೊಂಡೆ, ಸಂಗೀತದ ಪದವಿ, ಆಮೇಲೆ ಶಾಲೆಗಳಲ್ಲಿ ಸಂಗೀತ ಶಿಕ್ಷಕಿಯ ಕೆಲಸ ಎಂದೆಲ್ಲ ವಿವರಿಸಿದೆ. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ. ಬಾಗಿಲ ಸಂದಿಯಲ್ಲಿ ಹುಡುಗಿಯ ದುಪಟ್ಟದ ತುದಿ ಕಾಣುತ್ತಿತ್ತು.

"ಮೇಡಂ, ನೀವು ಓದ್ವಾರ ಓಟ ಅಂದ್ರಿ, ಕಳಿಸ್ದೆ. ಈ ವಾರ ಆಡು ಅಂತೀರಿ. ಮುಂದ್ಲ ವಾರ ಏನಂತೀರೋ. ಆಡುದ್ರೆ ಒಟ್ಟೆ ತುಂಬ್ತದಾ, ಅದೊಂದ್ ಯೋಳಿ."

ನ್ಯಾಯವಾದ ಮಾತು. ಅತ್ತೆ ಚೀಲದಿಂದ ಸುರುಳಿ ಸುತ್ತಿದ ಹಳೆಯ ಕ್ಯಾಲೆಂಡರೊಂದನ್ನು ತೆಗೆದು ಜಗಲಿಯ ಮೇಲೆ ಹಾಸಿದರು. ಹಿಂಬದಿಯಲ್ಲಿ ಕೈಯಲ್ಲಿ ಎಳೆದ ಗೆರೆಗಳು. ಅಂಗನವಾಡಿ ಮಕ್ಕಳ ತೂಕದ ಚಾರ್ಟು. ತೂಕ ಸಾಲದವರಿಗೆ ಹಳದಿ ಪಟ್ಟಿ, ಸರಿಯಿದ್ದವರಿಗೆ ಹಸಿರು ಪಟ್ಟಿ.

"ಸರ್ಕಾರದ್ದು ಸರ್ಕಾರಕ್ಕೆ ಕೊಟ್ಟೆ. ಇದು ನಂದು. ನೋಡಪ್ಪ, ನಿನ್ ಮಗ್ಳು ಅಂಗನವಾಡಿಗೆ ಬಂದ್ ವರ್ಸ ಇದು. ಬರಕ್ ಮುಂಚೆ ಅರ್ಧ ಮಕ್ಳು ಇಲ್ಲಿ ಅಳದೀಲಿ. ಯಾವೂ ಸರ್ಯಾಗಿ ಉಣ್ತಿರ್ನಿಲ್ಲ. ಇವ್ಳು ಬಂದು ಉಣ್ಣೋ ಒತ್ನಲ್ಲಿ ಆಡಕ್ ಸುರುಮಾಡುದ್ಲು. ಮೂರ್ ವರ್ಸದ ಕೂಸು. ಇವ್ಳು ಆಡಾಳು, ಅವು ಬಾಯ್ಬುಟ್ಕಂಡ್ ಕೇಳವು, ನಾನ್ ತುತ್ತಿಡೋಳು. ನೋಡು, ಇಲ್ಲಿಂದ ಎಲ್ಲಾ ಅಸ್ರಿಗೆ ಬಂದೊ."

ಮೇಸ್ತ್ರಿ ಬಗ್ಗಿ ನೋಡಿದ. ಗೆರೆ ನೋಡಿ ಗೋಡೆ ಕಟ್ಟುವವನು, ಗೆರೆಯನ್ನು ಸುಮ್ಮನೆ ನಂಬುವವನಲ್ಲ. ಒಂದು ಕಡೆ ಬೆರಳಿಟ್ಟ.

"ಇಲ್ಲ್ಯಾಕೆ ತಗ್ಗಿದೆ?"

"ಆ ತಿಂಗ್ಳು ಇವ್ಳಿಗೆ ಗದ್ದಕಟ್ಟು ಆಗಿ ಕೆನ್ನೆ ಊದ್ಕಂಡಿತ್ತು. ಆಡ್ನಿಲ್ಲ. ಅವು ಉಣ್ನಿಲ್ಲ." ಅತ್ತೆ ನೆಟ್ಟಗೆ ಕೂತರು. "ಒಟ್ಟೆ ತುಂಬ್ತದಾ ಅಂತ ಕೇಳುದ್ಯಲ್ಲ? ತುಂಬ್ಸವ್ಳೆ. ಊರ್ ಮಕ್ಳ ಒಟ್ಟೆ ತುಂಬ್ಸವ್ಳೆ. ತನ್ನೊಟ್ಟೆ ತುಂಬುಸ್ಕಳ್ದೆ ಇದ್ದಾಳಾ?"

ಮೇಸ್ತ್ರಿ ಆ ತಗ್ಗಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದ. ಬಾಗಿಲ ಸಂದಿಯ ದುಪಟ್ಟ ಅಲ್ಲಾಡಲಿಲ್ಲ. ಅತ್ತೆ ಇನ್ನೊಂದು ಅಸ್ತ್ರಕ್ಕೆಂದು ಫೋನು ತೆಗೆದರು. "ನೀನೂ ಏನ್ ಕಮ್ಮಿ ಇಲ್ವಂತೆ. ಮುಡುಕುತೊರೆ ಅಕ್ಕುನ್ ಕೇಳ್ದೆ. ಊಟದ್ ತಟ್ಟೆ ತಾಳಾಕಿ ಬಡ್ದು ಬಡ್ದು ಮೂರ್ ತಟ್ಟೆ ತಗ್ಗು ಮಾಡುದ್ಯಂತಲ್ಲ. ಫೋನ್ ಆಕ್ಲಾ?"

"ಬ್ಯಾಡಿ," ಎಂದ ಮೇಸ್ತ್ರಿ ಗಾಬರಿಯಾಗಿ. ಆಮೇಲೆ ಒಳಗೆ ಮುಖ ಮಾಡಿ, "ಅಮ್ಮಿ, ನಿನ್ ಮಾರ್ಕ್ಸ್ ಕಾರ್ಡ್ ತಕಂಬಾ. ಮೇಡಂ ಅರ್ಜಿ ಆಕ್ತಾರಂತೆ" ಎಂದ.

ಜಗಲಿಯ ಮೇಲೆ ಕೂತೇ ಫೋನಿನಲ್ಲಿ ಅರ್ಜಿ ತುಂಬಿದೆ. ಆಸಕ್ತಿ ಎಂಬಲ್ಲಿ "ಹಾಡುಗಾರಿಕೆ" ಎಂದು ಹಕಾರಕ್ಕೆ ಎರಡು ಸಲ ಕಣ್ಣಾಡಿಸಿ ಬರೆದೆ. ಆಮೇಲೆ ಸೀಟೂ ಸಿಕ್ಕಿತು ಎಂದು ಈಗಲೇ ಹೇಳಿಬಿಡುತ್ತೇನೆ. ಮೊನ್ನೆ ಫೋನು ಮಾಡಿದ್ದಳು. "ಇಲ್ಲೂ ದಿನಾ ಹಕಾರ ಯೋಳ್ಕೊಡ್ತಾವ್ರೆ ಮೇಡಂ" ಎಂದಳು. ಕಲಿ, ಆದರೆ ಕಿವಿ ಮಾತ್ರ ಜೋಪಾನ ಎಂದೆ.

ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ನಂಜನಗೂಡಿಗೆ ಹೊರಟೆವು. ಡಬ್ಬಿ ಹೆಚ್ಚುಕಡಿಮೆ ಖಾಲಿ. ನಾನೂ ಅತ್ತೆಯೂ ಎದುರುಬದುರು ಕಿಟಕಿಗಳಲ್ಲಿ ಕೂತೆವು. ನನ್ನ ಮನಸ್ಸು ಹಗುರವಾಗಿತ್ತು, ಆದರೂ ಹೇಳಲೇಬೇಕಿತ್ತು.

"ಅತ್ತೆ, ನಾನು ಈ ಕೆಲಸ ಬಿಡ್ತೀನಿ. ಪತ್ರ ಬರೆದಾಗಿದೆ. ಇವತ್ತು ನೀವಿದ್ದಿರಿ, ಆ ಹುಡುಗಿ ಉಳಿದಳು. ನನಗೆ ಇದು ಬರಲ್ಲ. ಮೂರು ವರ್ಷಕ್ಕೇ ಗೊತ್ತಾಗುತ್ತೆ ಅಂತೀರಲ್ಲ, ನನ್ನ ವಿಷಯದಲ್ಲಿ ಹೇಳೋಕೇ ಏನೂ ಇಲ್ವಲ್ಲ."

ನರಸಾಂಬುಧಿಯ ಹೊಲಗಳು ಹಿಂದೆ ಸರಿದವು.

"ಒಸ ಮಗು ಬಂದ್ರೆ ಮೊದ್ಲ್ ದಿನ ಬಾಗ್ಲಲ್ಲಿ ಕುಂತ್ಕಂಡ್ ಅಳ್ತದೆ," ಎಂದರು ಅತ್ತೆ, ಹೊರಗೆ ನೋಡುತ್ತ. "ನೀನು ಓಗಿ ಅದ್ರ್ ಪಕ್ಕ ಕುಂತ್ಕತಿದ್ದೆ. ಮಾತಿಲ್ಲ, ಕತೆ ಇಲ್ಲ. ಅದು ಅಳದ್ ನಿಲ್ಸಗಂಟ ಕುಂತಿರ್ತಿದ್ದೆ. ನಿಲ್ಸುದ್ ಮ್ಯಾಲೆ ಎದ್ದೋಗಿ ನಿನ್ ಪಾಡಿಗ್ ಉಣ್ತಿದ್ದೆ. ಯಾರೂ ಯೋಳ್ಕೊಟ್ಟಿರ್ನಿಲ್ಲ."

"ಇಂಥ ಮಾತನ್ನ ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ ಅತ್ತೆ?"

"ಅದ್ನ ಯೋಳುದ್ರೆ ಇನ್ನೊಂದ್ನೂ ಯೋಳ್ಬೇಕಾಯ್ತದೆ."

ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ನಿಮ್ಮವ್ವ ನಿನ್ನ ಬುಟ್ಟೋದ್ ದಿನ ನೀನೂ ಆ ಬಾಗ್ಲಲ್ಲೇ ಕುಂತಿದ್ದೆ. ಅವತ್ತು ಆಯಾ ಬಂದಿರ್ನಿಲ್ಲ. ನಾನೊಬ್ಳೇಯ. ಒಲೆ ಮ್ಯಾಲೆ ಅನ್ನ, ಸುತ್ತ ಮಕ್ಳು. ಈಗ್ ಬತ್ತೀನಿ ಕೂಸೇ, ಈಗ್ ಬತ್ತೀನಿ ಅಂತ ಒಳಗಿಂದ್ಲೇ ಕೂಗ್ತಾ ಇದ್ದೆ. ಸಾಯಂಕಾಲಗಂಟ ಅತ್ತು ಅತ್ತು ಒಸ್ಲು ಮ್ಯಾಲೇ ಮನೀಕಂಡಿದ್ದೆ ನೀನು. ನಾನ್ ಬರ್ಲೇ ಇಲ್ಲ. ಮಾರ್ನೇ ದಿನ್ದಿಂದ ನೀನು ಬ್ಯಾರೆ ಮಕ್ಳ್ ಪಕ್ಕ ಓಗಿ ಕುಂತ್ಕಳಕ್ ಸುರುಮಾಡ್ದೆ."

ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಊರಿಗೆಲ್ಲ ಆಗಿದ್ದ ಸೆರಗು ಅದು.

"ಅದ್ಕೇ ಈಗ್ ಬಂದ್ ಕುಂತ್ಕತೀನಿ. ಊಟದ್ ಕ್ಯಾರಿಯರ್ ಒಂದ್ ನೆಪ."

ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾನು ಎಷ್ಟು ಸಲ ಸಿಡುಕಿದ್ದೆನೋ, ಎಲ್ಲವೂ ಒಟ್ಟಿಗೆ ನೆನಪಾಯಿತು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು.

ಎದುರು ಸೀಟಿನಿಂದ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ಮಾತಿಲ್ಲ, ಕತೆಯಿಲ್ಲ. ರೈಲು ನಂಜನಗೂಡು ಮುಟ್ಟುವವರೆಗೂ ಕೂತೇ ಇದ್ದೆ.